ಜರೀನಾ ಡಾಕ್ಟರ ಎಲೆಯಿಲ್ಲದ ಆರ್ಕಿಡ್

ಏಪ್ರಿಲ್ ಹದಿನೇಳರ ಬೆಳಿಗ್ಗೆ ಒಂಬತ್ತಕ್ಕೆ ವಿದ್ಯಾಗಿರಿಯ ದಂತವೈದ್ಯೆ ಜರೀನಾ ಬಾಗಲಕೋಟೆಯ ಠಾಣೆಗೆ ಬಂದು ದೂರು ಕೊಟ್ಟರು. ಮನೆಯ ಹಿಂದಿನ ವರಾಂಡದಿಂದ ಒಂದು ಆರ್ಕಿಡ್ ಕಳುವಾಗಿತ್ತು. ಇನ್ಸ್‌ಪೆಕ್ಟರ್ ಬಸವೇಶ್ವರಿ ಮೊಬೈಲಿನಲ್ಲಿದ್ದ ಹಳೆಯ ಫೋಟೊ ನೋಡಿದರು. ಕಟ್ಟಿಗೆಯ ತುಂಡಿಗೆ ಅಂಟಿಕೊಂಡ ಹಸಿರು ಬೇರುಗಳು, ಅಷ್ಟೆ.

“ಇದರಾಗ ಗಿಡ ಎಲ್ಲೈತ್ರಿ?”

“ಇದ ಗಿಡ ಮೇಡಂ. ಇದಕ್ಕ ಎಲಿ ಇರೂದಿಲ್ಲ, ಎಲಿ ಕೆಲಸಾನೂ ಬೇರುಗೋಳ ಮಾಡ್ತಾವು. ಈ ಬಿಸಲಾಗ ಆರು ವರ್ಷ ನೀರು ಚಿಮುಕಿಸಿ ಸಾಕೇನಿ. ನಿನ್ನೆ ಮೊದಲ ಸಲ ಹೂವು ಅರಳಾಕ ಹತ್ತಿದ್ವು.” ಅವರ ದನಿ ಸಣ್ಣದಾಯಿತು. “ನಾಕೈದು ದಿನದಾಗ ಬಾಡಿ ಹೋಗ್ತಾವ್ರಿ.”

ಎಫ್‌ಐಆರ್ ದಾಖಲಾಯಿತು. ಸ್ಥಳದಲ್ಲಿ ಪಂಚನಾಮೆ ಬರೆಯುವಾಗ ಕಾನ್‌ಸ್ಟೇಬಲ್ ಶಾಬುದ್ದೀನ ವರಾಂಡದ ನೆರಳುಬಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

“ಮೇಡಂ, ಕಳ್ಳ ಬಲಿ ಕತ್ತರಿಸಿ ಒಳಗ ಬಂದಾನ. ಹೋಗೂ ಮುಂದ ಹೊಲಿದು ಹೋಗ್ಯಾನ!”

ಬಿಸಿಗಾಳಿ ನುಗ್ಗಿ ಉಳಿದ ಗಿಡಗಳು ಒಣಗದಿರಲೆಂದು ಕಳ್ಳ ಕಾಳಜಿ ಮಾಡಿದ್ದ. ಹೊಲಿಗೆಯ ನೂಲು ಕೆಂಪು ರೇಷ್ಮೆ, ಇಳಕಲ್ ಸೀರೆಯ ಸೆರಗಿನದು.

“ಇಳಕಲ್‌ದಾಗ ಈ ಗಿಡದ ಖಬರ ಯಾರಿಗೈತಿ?” ಬಸವೇಶ್ವರಿ ಕೇಳಿದರು.

ಜರೀನಾ ತಡೆದು ಹೇಳಿದರು. “ನಾಗಲಿಂಗ ಅಂತ, ಸೀರಿ ನೇಯಿಸ್ತಾರ. ಅವರ ಹತ್ರನೂ ಇಂಥದ ಒಂದೈತಿ. ಮೊಗ್ಗಿನ ಫೋಟೊ ಸ್ಟೇಟಸ್‌ನ್ಯಾಗ ನೋಡಿ, ಪರಾಗ ಕೊಡ್ರಿ ಅಂತ ಎರಡು ಸಲ ಫೋನ್ ಮಾಡಿದ್ರು. ನಾ ಒಲ್ಲೆ ಅಂದೆ.”

“ಯಾಕ?”

“ಮುಟ್ಟಿದ್ರ ಹೂವು ಲಗೂನ ಬಾಡ್ತಾವ್ರಿ. ಆರು ವರ್ಷ ಕಾದಾಕಿ ಕಣ್ತುಂಬ ನೋಡೂದ ಬ್ಯಾಡೇನು?”

ಮಧ್ಯಾಹ್ನ ಜೀಪು ಹುನಗುಂದ ದಾಟಿ ಇಳಕಲ್ ಸೇರಿತು. ನಾಗಲಿಂಗನ ಮಗ್ಗದ ಕೋಣೆ ಒದ್ದೆ ನೆಲದಿಂದ ತಂಪಾಗಿತ್ತು. ಮೂಲೆಯಲ್ಲಿ ಎರಡು ಕಟ್ಟಿಗೆ ತುಂಡುಗಳು ಅಕ್ಕಪಕ್ಕ ತೂಗುತ್ತಿದ್ದವು. ಎರಡರ ತುಂಬ ಚುಕ್ಕೆಯಿದ್ದ ಹಳದಿ ಹೂಗಳು. ಐವತ್ತು ದಾಟಿದ ನಾಗಲಿಂಗ ಸ್ಟೂಲಿನ ಮೇಲೆ ನಿಂತು ಹಲ್ಲುಕಡ್ಡಿಯ ತುದಿಯಲ್ಲಿ ಪರಾಗ ಹಿಡಿದಿದ್ದ.

“ಕೆಳಗ ಇಳೀರಿ. ಅರೆಸ್ಟ್ ಮಾಡಾಕ ಬಂದೇವಿ.”

“ಬರ್ತೇನ್ರಿ ಮೇಡಂ. ಇದೊಂದು ಹೂವಿಗೆ ಮುಟ್ಟಿಸಿ ಬರ್ತೇನಿ. ಮಾತಾಡಸಬ್ಯಾಡ್ರಿ, ಪರಾಗ ಉದುರ್ತೈತಿ.”

ಬಸವೇಶ್ವರಿ ಬಾಗಿಲಲ್ಲೇ ನಿಂತು ಕಾದರು. ಶಾಬುದ್ದೀನ ಸ್ಟೂಲು ಹಿಡಿದುಕೊಂಡ. ಆಮೇಲೆ ಗಿಡ ಜಪ್ತಿಯಾಯಿತು, ನಾಗಲಿಂಗನ ಬಂಧನವೂ ಆಯಿತು.

ಸಂಜೆ ಠಾಣೆಯಲ್ಲಿ ಜರೀನಾ ಸಿಟ್ಟಿನಿಂದಲೇ ಬಂದು ಗಿಡಕ್ಕೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿದರು. ಹೂಗಳೆಲ್ಲ ಅರಳಿ ನಿಂತಿದ್ದವು.

“ನಿಮ್ಮ ಗಿಡದಾಗ ಒಂದ ಒಂದು ಹೂವಿನ ಪರಾಗ ತಗೊಂಡು, ಅದಕ್ಕ ನನ್ನ ಗಿಡದ್ದು ಮುಟ್ಟಿಸೇನ್ರಿ ಡಾಕ್ಟರ,” ಎಂದ ನಾಗಲಿಂಗ ತಲೆ ತಗ್ಗಿಸಿ. “ಉಳದದ್ದೆಲ್ಲಾ ನಿಮ್ಮ ಕಣ್ಣಿಗೆ ಬಿಟ್ಟೇನಿ.”

ಜರೀನಾ ಹೂವಿಗೆ ಮುಖ ಹತ್ತಿರ ತಂದರು. ನಗು ತಡೆಯಲಾಗಲಿಲ್ಲ. “ನನ್ನ ಗಿಡಾನೂ ಕಾಯಿ ಕಟ್ಟತೈತೇನ್ರಿ ಹಂಗಾರ?”

“ಕಟ್ಟತೈತ್ರಿ!”

ನಾಗಲಿಂಗನ ಗಿಡ ಎಂಟು ಬೇಸಿಗೆ ಹೂಬಿಟ್ಟಿತ್ತು. ತನ್ನದೇ ಪರಾಗದಿಂದ ಅದು ಕಾಯಿ ಕಟ್ಟುತ್ತಿರಲಿಲ್ಲ. ಜೊತೆಗೆ ಅರಳುವ ಇನ್ನೊಂದು ಗಿಡ ಈ ಸೀಮೆಯಲ್ಲಿ ಎಲ್ಲೂ ಇರಲಿಲ್ಲ. ಪ್ರತಿ ಸಲವೂ ಹೂವು ಬರಿದೇ ಉದುರುವುದನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು.

ಜೂನ್‌ನಲ್ಲಿ ನ್ಯಾಯಾಲಯ ಜರೀನಾ, ನಾಗಲಿಂಗ ಸೇರಿ ಕೊಟ್ಟ ರಾಜಿ ಅರ್ಜಿ ಒಪ್ಪಿತು. ಅಷ್ಟರಲ್ಲಿ ಎರಡೂ ಗಿಡಗಳಲ್ಲಿ ಸಣ್ಣ ಕಾಯಿಗಳು ಹಿಡಿದಿದ್ದವು. ಮೊದಲ ಸಸಿ ಯಾರ ಮನೆಗೆ ಎಂದು ಜೋರಾಗಿ ವಾದಿಸುತ್ತಲೇ ಇಬ್ಬರೂ ನ್ಯಾಯಾಲಯದ ಮೆಟ್ಟಿಲಿಳಿದರು.