ಪ್ಲಾಸ್ಟಿಕ್ ಹಾಳೆಯ ಈಚೆ ಬದಿ

ನವೆಂಬರ್ ೧೪, ಶುಕ್ರವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ಮರಗೆಲಸದ ಅಂಗಡಿಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಅಮ್ಮನ ದಿಂಬು. ಅದರ ಒಂದು ಮಗ್ಗುಲ ತುಂಬ ಕಪ್ಪು ಚುಕ್ಕೆಗಳು.

"ಇದೇನು ಅಂತ ಗೊತ್ತಾ ನಿಮಗೆ?"

ಬಡಗಿ ಹಲಗೆಯಿಂದ ತಲೆ ಎತ್ತಿದ. ಅವಳಿದ್ದ ಮೇಲಿನ ಮನೆಯ ಮಾಲೀಕನೂ ಅವನೇ. ನಾಲ್ಕು ತಿಂಗಳಲ್ಲಿ ಇಬ್ಬರೂ ಎದುರುಬದುರು ಮಾತಾಡಿದ್ದು ಇದೇ ಮೊದಲು. ಬಾಡಿಗೆಯ ಮಾತುಕತೆಯೆಲ್ಲ ಅವನ ಅಕ್ಕನ ಮೂಲಕವೇ ನಡೆದಿತ್ತು.

"ಬೂಷ್ಟು," ಎಂದ.

"ನಿಮ್ಮ ಗೋಡೆಯ ಬೂಷ್ಟು. ನಮ್ಮಮ್ಮಂಗೆ ಉಬ್ಬಸ. ಮಲಗೋಕಾಗದೆ ಕೂತೇ ನಿದ್ದೆ ಮಾಡ್ತಿದಾರೆ. ಗೋಡೆ ಒಳಗಿಂದ ನೀರು ಬರ್ತಿದೆ, ರಿಪೇರಿ ಮಾಡಿಸಿ."

"ಗೋಡೆಯಿಂದ ಏನೂ ಬರ್ತಿಲ್ಲ. ಮನೆಯೊಳಗೇ ಬಟ್ಟೆ ಒಣಗಿಸ್ತೀರಿ, ಕಿಟಕಿ ತೆರೆಯಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅವಳ ಕಿವಿ ಬಿಸಿಯಾಯಿತು.

ಕಿಟಕಿ ಯಾಕೆ ಮುಚ್ಚಿದೆ ಅಂತ ಇವನಿಗೆ ಗೊತ್ತಿಲ್ಲವೇ?

ಎರಡು ತಿಂಗಳ ಹಿಂದೆ ಆ ಕಿಟಕಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗಿನಿಂದ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತ್ತು. ಅವಳು ನಕ್ಕಿದ್ದಳು. ಮರುದಿನ ನೋಡಿದರೆ ಅವನು ಕೆಲಸದ ಬೆಂಚನ್ನೇ ಗೋಡೆಯ ಕಡೆಗೆ ತಿರುಗಿಸಿಕೊಂಡು, ಕಿಟಕಿಗೆ ಬೆನ್ನು ಹಾಕಿ ನಿಂತಿದ್ದ. ಅಂದೇ ಅವಳು ಚಿಲಕ ಜಡಿದಿದ್ದಳು.

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಪುರಾವೆ ಇಲ್ಲದೆ ವಾದಿಸುವುದು ಅವಳಿಗೆ ಒಗ್ಗದು.

"ಸರಿ, ಪರೀಕ್ಷೆ ಮಾಡೋಣ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನಾಲ್ಕೂ ಅಂಚಿಗೆ ಟೇಪ್ ಹಾಕ್ತೀನಿ. ಎರಡು ದಿನ ಬಿಟ್ಟು ನೋಡೋಣ. ಹಾಳೆಯ ಹಿಂದೆ ನೀರು ಕೂತರೆ ಅದು ಗೋಡೆಯದು, ಹೊಣೆ ನಿಮ್ಮದು. ಈಚೆ ಬದಿಯಲ್ಲಿ ಕೂತರೆ ಕೋಣೆಯ ಗಾಳಿಯದು, ಹೊಣೆ ನನ್ನದು."

"ನಿಮ್ಮದೇ ಆದ್ರೆ?"

"ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ."

ಮೆಟ್ಟಿಲು ಹತ್ತುವಾಗ ತನ್ನನ್ನೇ ಬೈದುಕೊಂಡಳು. ಸಿಟ್ಟಿನಲ್ಲಿ ಎಂಥ ಮಾತಾಡಿಬಿಟ್ಟೆ... ಎರಡು ವರ್ಷದಲ್ಲಿ ಇದು ಮೂರನೇ ಮನೆ. ಇನ್ನೊಂದು ಸಲ ಗಂಟುಮೂಟೆ ಕಟ್ಟುವ ಶಕ್ತಿ ಅಮ್ಮನಿಗೆ ಇರಲಿಲ್ಲ.

ಭಾನುವಾರ ಬೆಳಗ್ಗೆ ಹಾಳೆಯ ಮುಂದೆ ನಿಂತಳು.

ಹನಿಗಳು ಈಚೆ ಬದಿಯಲ್ಲಿದ್ದವು. ಟೇಪ್ ಬಿಡಿಸಿ ನೋಡಿದಳು. ಹಿಂದೆ ಪೂರ್ತಿ ಒಣ.

ಸೆರಗಿನಿಂದ ಒರೆಸಿ, ಹಾಳೆಯ ಹಿಂದೆ ಒಂದಿಷ್ಟು ನೀರು ಚಿಮುಕಿಸಿದರೆ ಯಾರಿಗೆ ತಿಳಿಯುತ್ತದೆ?

ತನಗೆ ತಿಳಿಯುತ್ತದೆ.

"ಏನಾಯ್ತೇ?" ಮಂಚದಿಂದ ಅಮ್ಮ ಕೇಳಿದರು.

"ಸೋತೆ ಅಮ್ಮ."

ಅವನನ್ನು ಕರೆದಳು. ಅವನು ಬಂದು ಹಾಳೆಯ ಎರಡೂ ಬದಿಗೆ ಬೆರಳಾಡಿಸಿದ. ಗೆದ್ದವನ ಮುಖ ಬಿಳಿಚಿಕೊಂಡಿತು.

"ನೀವು ಸೋತಿಲ್ಲ," ಎಂದ ಮೆಲ್ಲಗೆ. "ಮೇಲಿರೋ ಆ ವೆಂಟಿಲೇಟರ್‌ಗೆ ಹೊರಗಡೆಯಿಂದ ಹಲಗೆ ಹೊಡೆದಿದೀನಿ."

ಅವಳು ತಲೆಯೆತ್ತಿದಳು. ಮೇಲೆ, ಮಾಸಿದ ಗಾಜಿನ ಪಟ್ಟಿಗಳ ಹಿಂದೆ ಬೆಳಕೇ ಇರಲಿಲ್ಲ. ಅದು ಇರುವುದೇ ಹಾಗೆ ಎಂದುಕೊಂಡಿದ್ದಳು.

"ಉಸಿರಿನ ದಾರಿ ಮುಚ್ಚಿದ್ದು ನೀವು. ಬೈಸಿಕೊಂಡಿದ್ದು ನಾನು!"

"ನೀವು ಬಂದ ವಾರವೇ ಅಮ್ಮ ಮೆಟ್ಟಿಲ ಮೇಲೆ ಕೆಮ್ಮೋದು ಕೇಳಿಸ್ತು. ಗರಗಸದ ಮಿಷನ್ ಇದರ ಕೆಳಗೇ ಇದೆ, ಮರದ ಪುಡಿ ಒಳಗೆ ಹೋಗದಿರಲಿ ಅಂತ..."

"ಒಂದು ಮಾತು ಹೇಳೋಕೆ ಬಾಯಿ ಇರಲಿಲ್ವಾ?"

"ಕಿಟಕಿ ಇತ್ತಲ್ಲ, ಗಾಳಿಗೆ ಅದು ಸಾಕು ಅಂದ್ಕೊಂಡಿದ್ದೆ. ಅದನ್ನೂ ಮುಚ್ಚಿದ್ರಿ."

"ನೀವು ಬೆನ್ನು ತಿರುಗಿಸಿದ್ರಿ. ಬೆಂಚಿನ ಸಮೇತ."

ಅವನು ನೆಲ ನೋಡಿದ. "ನೀವು ಬಟ್ಟೆ ಒಣಹಾಕುವಾಗ ಗಂಡಸೊಬ್ಬ ಕೆಳಗಿಂದ ನೋಡ್ತಾನೆ ಅಂತ ಮುಜುಗರ ಆಗಬಾರದು ಅಂತ ತಿರುಗಿಸಿದ್ದು. ನೋಡದೆ ಇರೋಕೆ ನನ್ನಿಂದ ಆಗ್ತಿರಲಿಲ್ಲ."

ಅವಳು ಚಿಲಕ ಜಡಿದ ಕಿಟಕಿಯ ಕಡೆ ನೋಡಿದಳು.

"ಮೊದಲು ಗಾಳಿ ಬಿಡ್ರಪ್ಪ," ಎಂದರು ಅಮ್ಮ. "ನಿಮ್ಮಿಬ್ಬರ ಮರ್ಯಾದೆಯ ನಡುವೆ ನನ್ನ ಉಸಿರು ಹೋಗ್ತಿದೆ."

ಅವನು ಏಣಿ ತಂದು ಹೊರಗಿನ ಹಲಗೆ ಕಿತ್ತ. ಕೋಣೆಗೆ ಬೆಳಕು ಬಿತ್ತು. ಅಮ್ಮ ಕೆಮ್ಮಿದರು, ಮತ್ತೆ ಕೆಮ್ಮಿದರು, ಆಮೇಲೆ ಉದ್ದಕ್ಕೆ ಉಸಿರೆಳೆದುಕೊಂಡರು.

"ಗರಗಸದ ಮಿಷನ್ ಆಚೆ ಕಡೆಗೆ ಹಾಕ್ತೀನಿ," ಒಳಗೆ ಬಂದು ಅವನು ಹೇಳಿದ. "ಇಲ್ಲಿಗೆ ಸಣ್ಣ ಜಾಲರಿಯ ಚೌಕಟ್ಟು ಮಾಡಿ ಕೂರಿಸ್ತೀನಿ. ಗೋಡೆ ಕೆರೆಸಿ ಬಣ್ಣ ಹೊಡೆಸೋದೂ ನನ್ನದೇ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು. ಈ ತುದಿ ಹಿಡ್ಕೊಳ್ಳಿ."

ಅಳತೆಪಟ್ಟಿಯ ತುದಿ ಹಿಡಿದು ಅವಳು ಸ್ಟೂಲು ಹತ್ತಿದಳು. ಅವನು ಇನ್ನೊಂದು ಸ್ಟೂಲಿನ ಮೇಲೆ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

"ತಿಂಗಳ ಕೊನೆಗೆ ಹೋಗ್ತೀನಿ ಅಂದಿದ್ರಲ್ಲ..."

"ಕೊಟ್ಟ ಮಾತು."

"ಹೋಗಬೇಡಿ. ನನಗೆ ನೀವು ಇಷ್ಟ. ಬಾಡಿಗೆಯವರಾಗಿ ಅಲ್ಲ."

ಅವಳು ಪಟ್ಟಿಯ ಗೆರೆಗಳನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಅಂಕಿ ಮಸುಕಾಗಿತ್ತು.

"ಇನ್ನುಮುಂದೆ ಏನೇ ಇದ್ರೂ ನನ್ನ ಮುಖ ನೋಡಿ ಹೇಳ್ತೀರಾ?"

"ಹೇಳ್ತೀನಿ."

"ಹಾಗಾದ್ರೆ ಇರ್ತೀನಿ."

"ಎಷ್ಟು ಬಂತು?"

ಅವಳು ಕಣ್ಣೊರೆಸಿಕೊಂಡು ಸರಿಯಾಗಿ ಓದಿದಳು.

"ನಲವತ್ತಾರು ಸೆಂಟಿಮೀಟರ್, ಎರಡು ಮಿಲಿಮೀಟರ್."