ನಡುಗಡ್ಡೆಯ ಮಣ್ಣು

"ಮಣ್ಣು ತುಳೀರಿ, ಅಗೀರಿ, ಬೇಕಾದ್ದು ಮಾಡ್ರಿ ಸಾಹೇಬ್ರ. ತಲಿ ಮ್ಯಾಲೆ ಮಾತ್ರ ಇಟ್ಕೋಬ್ಯಾಡ್ರಿ," ಎಂದಳು ಚಂದವ್ವ.

ಸರ್ವೇಯರ್ ಪರಮಾನಂದ ನಕ್ಕ. ಕೃಷ್ಣೆಯ ನಡುವಿನ ಈ ನಡುಗಡ್ಡೆ ಇನ್ನು ಸ್ವಲ್ಪ ದಿನದಲ್ಲಿ ಅಣೆಕಟ್ಟಿನ ನೀರಿನ ಪಾಲು. ಮುಳುಗುವ ಮೊದಲು ಅಳತೆಯಾಗಲಿ ಎಂದು ಎಂಬತ್ತೊಂದರ ಬೇಸಿಗೆಯಲ್ಲಿ ಅವನನ್ನು ಕಳಿಸಿದ್ದರು. ಮುದ್ದೇಬಿಹಾಳಕ್ಕೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಅವತ್ತು ಬಾಗೇವಾಡಿಯ ಮನೆಯಲ್ಲಿ ಮಗಳ ಮೊದಲ ಹುಟ್ಟುಹಬ್ಬ. ಮಧ್ಯಾಹ್ನದ ಬಸ್ಸು ತಪ್ಪಿದರೆ ಹೆಂಡತಿ ದಾನೇಶ್ವರಿ ಸುಮ್ಮನೆ ಬಿಡುತ್ತಾಳೆಯೇ?

"ಇಟ್ಕೊಂಡ್ರ ಏನಾಗ್ತೈತಿ ಆಯಿ?"

ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವ ಆ ಮುದುಕಿ ದನಿ ತಗ್ಗಿಸಿ ಹೇಳಿದಳು. ಕಂಪನಿ ಸರ್ಕಾರದ ಕಾಲ. ಈ ದಂಡೆ ಕಂಪನಿಯದು, ಆ ದಂಡೆ ನಿಜಾಮನದು, ನಡುಗಡ್ಡೆಗಾಗಿ ಎರಡೂ ಕಡೆಯವರ ಬಡಿದಾಟ. ಕೊನೆಗೆ ಹಳೆಯ ಪದ್ಧತಿಯಂತೆ ತೀರ್ಮಾನವಾಯಿತು: ಒಬ್ಬ ಹೆಗಲಿಗೆ ಹಸಿ ತೊಗಲು ಹೊದ್ದು, ತಲೆಯ ಮೇಲೆ ಇಲ್ಲಿಯ ಮಣ್ಣು ಹೊತ್ತು, 'ಇದು ನಂದು' ಎನ್ನುತ್ತ ನಡೆಯಬೇಕು, ಅವನು ನಡೆದದ್ದೇ ಗಡಿ. ಚಂದವ್ವನ ಮುತ್ತಜ್ಜ ಸುಳ್ಳು ಗಡಿ ನಡೆದು ಗೆದ್ದ. ನೆಲ ಕಳೆದುಕೊಂಡ ಆಚೆ ದಂಡೆಯ ಶೆಟ್ಟೆವ್ವ ತನ್ನ ಕೂದಲನ್ನೂ ಲಿಂಬೆಹಣ್ಣನ್ನೂ ಇಲ್ಲೇ ಹೂತು ಮಾಟ ಮಾಡಿದಳು.

"ಈ ಮಣ್ಣು ಹೊತ್ತು ನಂದು ಅಂದಾಂವಗ ತನ್ನವ್ರು ಅನ್ನಾವ್ರು ಯಾರೂ ಉಳೀಬಾರ್ದು ಅಂದ್ಳಂತ."

"ಎಲ್ಲಾರೂ ಸತ್ರೇನು?"

"ಇಲ್ರಿ. ಹೆಂಡ್ತಿ, ಮಕ್ಕಳು ಎಲ್ಲಾರೂ ಬದುಕಿದ್ರು. ಮುತ್ತ್ಯಾ ಮಾತ್ರ ಹೊಲದಾಗ ಒಬ್ಬನ ಸತ್ತ."

ಓದಿದವನ ಜಂಬ ನೋಡಿ! "ಹಂಗಾದ್ರ ಅಳತಿ ಸರಪಳಿ ಎಳಿಯೋದ್ಯಾಕ? ನಡದ ಮುಗಸ್ತೇನಿ," ಎಂದವನೇ ಪುಣ್ಯಾತ್ಮ ಹಸಿ ಮಣ್ಣಿನ ಹೆಂಟೆಯೊಂದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ. "ಇದು ನಂದು!"

ಚಂದವ್ವ ಮುಖ ತಿರುಗಿಸಿದಳು.

ಹತ್ತು ಹೆಜ್ಜೆ. ಹಸಿ ತೊಗಲಿನ ವಾಸನೆ ಗಪ್ಪನೆ ಬಡಿಯಿತು. ಸುತ್ತ ಎಲ್ಲೂ ತೊಗಲಿಲ್ಲ. ಕಿವಿಯ ಹತ್ತಿರ ನೊಣಗಳ ಗುಂಯ್‌ಗುಟ್ಟುವಿಕೆ. ಹೆಗಲ ಮೇಲೆ ಒದ್ದೆ ಭಾರ. ಉರಿಬಿಸಿಲಲ್ಲೂ ಕಣ್ಣು ಕತ್ತಲಿಟ್ಟಿತು. ಹೆಂಟೆ ಕಿತ್ತೆಸೆದ. ಅದು ಹೊಳೆಗೆ ಬಿತ್ತು. ತಲೆಯ ಭಾರ ಇಳಿಯಲಿಲ್ಲ.

ಹರಿಗೋಲಿನಲ್ಲಿ ಬರುವಾಗ ನೀರಿಗೆ ಕೈ ಅದ್ದಿದ. ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ. ಬಸ್ಸಿನ ಸೀಟಿನ ತಗಡು ಬೆರಳು ಕೊಯ್ದು ರಕ್ತ ಸುರಿಯಿತು. ನೋಯಲಿಲ್ಲ. ಹೆದರಿಕೆ ಆಗಬೇಕಿತ್ತು, ಅದೂ ಆಗಲಿಲ್ಲ. ಊರಿಗೆ ಯಾಕೆ ಹೊರಟಿದ್ದೇನೆ? ಮಗಳು. ಹೌದು, ಮಗಳು. ಅವಳ ಮುಖ ನೆನಪಿಗೆ ಬರಲಿಲ್ಲ. ಹೆಸರಾದರೂ ಉಳಿಯಲಿ ಎಂದು ಜೇಬಿನ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. ಮುಷ್ಟಿ ಬಿಗಿಹಿಡಿದು ಕೂತ.

ಬಾಗೇವಾಡಿಯಲ್ಲಿ ಇಳಿದ. ಕಾಲುಗಳು ತಾವಾಗಿಯೇ ಒಂದು ಓಣಿ ಹೊಕ್ಕು ಒಂದು ಬಾಗಿಲ ಮುಂದೆ ನಿಂತವು. ಬಾಗಿಲಲ್ಲಿ ಹೊಸ ಸೀರೆಯುಟ್ಟ ಹೆಣ್ಣುಮಗಳೊಬ್ಬಳು, ಕಂಕುಳಲ್ಲಿ ಕೂಸು.

"ಎಷ್ಟೊತ್ತು ಮಾಡಿದ್ರಿ! ಕೂಸು ಆಗಿಂದ ಬಾಗಲಾನ ನೋಡಾಕತ್ತೈತಿ," ಎಂದಳು ದಾನೇಶ್ವರಿ.

ಅವನು ಮುಷ್ಟಿ ಬಿಚ್ಚಿದ. ರಕ್ತ ಮೆತ್ತಿದ ಅಕ್ಷರಗಳನ್ನು ಒಂದೊಂದಾಗಿ ಓದಿದ.

"ಇಲ್ಲಿ ಭಾಗ್ಯಜ್ಯೋತಿ ಅನ್ನಾವ್ರು ಯಾರ್ರಿ, ಅಕ್ಕಾರ?"

ಚೇಷ್ಟೆ ಎಂದುಕೊಂಡು ದಾನೇಶ್ವರಿ ನಕ್ಕಳು. ಅವನ ಕಣ್ಣು ನೋಡಿದಳು. ನಗು ನಿಂತಿತು. ಕೂಸು ಎರಡೂ ಕೈ ಚಾಚಿ ಅವನ ಕೊರಳಿಗೆ ಜೋತುಬಿತ್ತು. ಅವನಿಗೆ ತಲೆಯ ಮೇಲಿನ ಭಾರವೊಂದೇ ಗೊತ್ತಾಗುತ್ತಿತ್ತು.