ತೊರೆದೆ ಎಂಬ ಮಾತಿನ ಮೊದಲರ್ಧ

ಒಂದಾನೊಂದು ಕಾಲದಲ್ಲಿ, ಬೆಟ್ಟಗಳಿಗಿನ್ನೂ ಕಿವಿ ಕೇಳಿಸುತ್ತಿದ್ದಾಗ, ಹೊಂಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲೊಂದು ಪದ್ಧತಿ. ಯಾರಿಗಾದರೂ ತಮ್ಮವರ ಸಂಬಂಧ ಬೇಡವಾದರೆ ಹೊಸ್ತಿಲ ಮೇಲೆ ನಿಂತು, ಒಣಹುಲ್ಲಿನ ಕಡ್ಡಿಯೊಂದನ್ನು ಮುರಿದು, “ತೊರೆದೆ, ತೊರೆದೆ, ತೊರೆದೆ” ಎಂದು ಅರ್ಧ ಕಡ್ಡಿಯನ್ನು ಪಡುವಣಕ್ಕೆ ಎಸೆಯಬೇಕು. ಅಷ್ಟೇ. ಒಲೆ ಹೊತ್ತಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಸೆದ ಕಡ್ಡಿ ನೆಲಕ್ಕೆ ಬೀಳುತ್ತಿರಲಿಲ್ಲ. ಗಾಳಿ ಇಲ್ಲದಿದ್ದರೂ ತೇಲಿಕೊಂಡು ಹೋಗುತ್ತಿತ್ತು. ತೊರೆಯಿಸಿಕೊಂಡವರು ತುಟಿ ಪಿಟಕ್ಕೆನ್ನದೆ ಅದರ ಹಿಂದೆ ನಡೆದುಬಿಡುತ್ತಿದ್ದರು. ಊರು ಅವರನ್ನು ಆ ಕ್ಷಣವೇ ಮರೆಯುತ್ತಿತ್ತು. ತೊರೆದವರು ಮೂರು ದಿನಗಳಲ್ಲಿ ಮರೆಯುತ್ತಿದ್ದರು. ಆಮೇಲೆ ಮನೆಯಲ್ಲಿ ಒಂದು ಕಂಬಳಿ ಯಾಕೆ ಹೆಚ್ಚಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆ ರಾಜ್ಯದ ಅಂಚಿನ ಊರಲ್ಲಿ ಕಲ್ಲವ್ವ ಎಂಬ ಹೆಂಗಸು, ಅವಳ ತಮ್ಮ ಮಾಳಿಂಗ ಪುಂಡಿಗಿಡದ ನಾರಿನಿಂದ ಹಗ್ಗ ಹೊಸೆದು ಬದುಕುತ್ತಿದ್ದರು. ಕಲ್ಲವ್ವನ ಗಂಡ ದುರ್ಗಪ್ಪ ಆ ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿದು ಜೇನು ಬಿಡಿಸುವವನು. ನಾರನ್ನು ಹೊಸೆಯುವ ಮೊದಲು ಮೂರು ಬಿಸಿಲು ಒಣಗಿಸಬೇಕು. ಒಂದು ಸಲ ಮಾಳಿಂಗ ಅವಸರ ಮಾಡಿದ. ಒಂದೇ ಬಿಸಿಲು ಕಾಣಿಸಿ ಹಸಿನಾರನ್ನೇ ಹೊಸೆದುಬಿಟ್ಟ. ಹಗ್ಗ ಒಳಗೊಳಗೇ ಕೊಳೆಯಿತು. ಬಂಡೆಯ ನಡುವೆ ಹರಿಯಿತು. ದುರ್ಗಪ್ಪ ಮನೆಗೆ ಬರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಕಲ್ಲವ್ವ ಹೊಸ್ತಿಲ ಮೇಲೆ ನಿಂತಳು. ಕಡ್ಡಿ ಮುರಿದಳು. ಮೂರು ಸಲ ಹೇಳಿದಳು. ಮಾಳಿಂಗ ಅಕ್ಕನ ಮುಖವನ್ನೊಮ್ಮೆ ನೋಡಿ, ಚಪ್ಪಲಿಯನ್ನೂ ಮೆಟ್ಟದೆ ನಡೆದುಹೋದ.

ಮರುದಿನ ಪಕ್ಕದ ಮನೆಯವಳು ಬಂದು, “ಒಬ್ಬಾಕೀನ ಹೆಂಗ ಹಗ್ಗ ಹೊಸೀತಿ ಕಲ್ಲವ್ವಾ? ದೇವರು ನಿನಗ ಒಬ್ಬ ತಮ್ಮನನ್ನರ ಕೊಡಬಾರದಿತ್ತೇನು?” ಎಂದಳು. ಕಲ್ಲವ್ವ ಹೊರಗೆ ಓಡಿದಳು. ಅಂಗಳದಲ್ಲಿ ನೋಡಿದರೆ ಮಾಳಿಂಗನ ಹೆಜ್ಜೆಗಳೆಲ್ಲ ಮಾಯವಾಗಿದ್ದವು. ಸಂಜೆಯ ಹೊತ್ತಿಗೆ ಅವನ ದನಿ ಹೇಗಿತ್ತೆಂದು ಅವಳಿಗೇ ನೆನಪಾಗಲಿಲ್ಲ. ಎರಡನೆಯ ದಿನ ಅವನ ಮುಖ ಮಸುಕಾಯಿತು. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು, ಆದರೆ ಅದು ಯಾರ ಮೇಲೆ ಎಂಬುದೇ ಜಾರತೊಡಗಿತ್ತು. ಆಗ ಅವಳು ಹೆದರಿದಳು. ಮೂರನೆಯ ದಿನ ಬೆಳಗಾಗುತ್ತಲೇ “ಮಾಳಿಂಗ, ಮಾಳಿಂಗ” ಎಂದು ಬಾಯಲ್ಲಿ ಹೆಸರು ಹಿಡಿದುಕೊಂಡು ಪಡುವಣಕ್ಕೆ ಹೊರಟಳು.

ರಾಜ್ಯದ ಗಡಿಕಲ್ಲಿನ ಬಳಿ ಮುದುಕಿಯೊಬ್ಬಳು ಬೀಸುಕಲ್ಲು ತಿರುವುತ್ತಿದ್ದಳು. ಕಲ್ಲಿನಲ್ಲಿ ಕಾಳಿರಲಿಲ್ಲ.

“ಯಾರನ್ನ ತೊರೆದಿ ಮಗಳ?” ಎಂದು ಮುದುಕಿ ಕೇಳಿದಳು.

“ತಮ್ಮನ್ನ, ಯಜ್ಜೀ. ತಿರುಗಿ ಕರಕೊಂಡು ಬರಬೇಕು.”

“ಹಂಗಾದ್ರ ಆ ಮಾತಿನ ಹುಟ್ಟು ಕೇಳಿಸ್ಕೊ. ನನ್ನ ಮುತ್ತಜ್ಜಿಯ ಕಾಲಕ್ಕ ‘ತೊರೆದೆ’ ಅನ್ನೋದು ಮಾತಿನ ಕೊನೆಯಾಗಿತ್ತು. ಮೊದಲ ಹೊಸ್ತಿಲ ಮ್ಯಾಲ ನಿಂತು ‘ಇವ ನನ್ನವ’ ಅನಬೇಕಿತ್ತು. ಹೆಂಗ ನನ್ನವ, ಏನು ಕೊಟ್ಟ, ಏನು ಕೆಡಿಸಿದ, ಒಂದೂ ಬಿಡದಂಗ ಹೇಳಬೇಕಿತ್ತು. ತನ್ನದಲ್ಲದ್ದನ್ನ ಬಿಡಾಕ ಯಾರಿಗೆ ಬರ್ತೈತಿ? ಹೇಳಿ ಮುಗಿಸೋದ್ರಾಗ ಎಷ್ಟೋ ಮಂದಿ ಕಡ್ಡಿ ಕೆಳಗ ಇಟ್ಟು ಒಳಗ ಹೋಗಿಬಿಡ್ತಿದ್ರು.”

“ಮತ್ತ ಅದನ್ನ ಯಾರು ತೆಗೆದ್ರು?”

“ಒಬ್ಬ ರಾಜ ಇದ್ದ. ಒಂದೇ ದಿನಕ್ಕ ಹನ್ನೆರಡು ಮಂದಿ ದಾಯಾದಿಗಳನ್ನ ತೊರೀಬೇಕಿತ್ತು, ಕಾಡಿಗೆ ಬ್ಯಾಟಿಗೆ ಹೋಗಾಕ ಬ್ಯಾರೆ ಹೊತ್ತಾಗಿತ್ತು. ಆಸ್ಥಾನದ ಮಂತ್ರವಾದಿ ಶೂನ್ಯಕೇತು ‘ಪ್ರಭೂ, ಕೊನೆಯ ಮಾತಷ್ಟೇ ಸಾಕು’ ಅಂದ. ರಾಜಗ ಹಗುರಾತು. ರಾಜಗ ಆದದ್ದು ಊರಿಗೂ ಆತು. ಅವತ್ತಿನಿಂದ ತೊರೆಯಿಸಿಕೊಂಡವರೆಲ್ಲ ಆ ಮಂತ್ರವಾದಿಯ ಪಾಲು. ಹೋಗು, ಹೊತ್ತು ಮುಳುಗಿದ್ರ ಹೆಸರೂ ಹೋಗ್ತೈತಿ.”

ಗಡಿ ದಾಟಿದರೆ ಅಲ್ಲಿ ಯಾವಾಗಲೂ ನಡುಹಗಲು. ಮರಕ್ಕೆ ನೆರಳಿಲ್ಲ, ಕಲ್ಲಿಗೆ ನೆರಳಿಲ್ಲ. ಕಲ್ಲವ್ವ ಕೆಳಗೆ ನೋಡಿದಳು. ಅವಳಿಗೂ ಇರಲಿಲ್ಲ.

ಶೂನ್ಯಕೇತುವಿನ ಮನೆಯ ದಾರಿಗೆ ಮೂರು ಬಾಗಿಲುಗಳಿದ್ದವು. ಮೊದಲನೆಯ ಬಾಗಿಲಲ್ಲಿ ಒಂದು ಕತ್ತೆಕಿರುಬ ಮಲಗಿತ್ತು. ಅದು ಬಾಯಿ ತೆರೆದಾಗ ಬಂದದ್ದು ದುರ್ಗಪ್ಪನ ದನಿ. “ಕಲ್ಲೀ, ನನ್ನನ್ನ ಕೊಂದವನ್ನ ಹುಡುಕ್ಕೊಂಡು ಬಂದೀಯೇನ? ನನಗ ಹಿಂಗ ಒಂದರ ದಿನ ಹುಡುಕಿದ್ದೇನ?”

ಕಲ್ಲವ್ವ ಅಲ್ಲೇ ಕೂತು ಮನಸಾರೆ ಅತ್ತಳು. ಅತ್ತು ಎದ್ದು, “ನೀ ಸತ್ತೀದಿ. ನಿನ್ನ ಸಲುವಾಗಿ ಅಳಬಹುದು, ಹುಡುಕಾಕ ಆಗೋದಿಲ್ಲ. ಅವ ಬದುಕ್ಯಾನ. ದಾರಿ ಬಿಡು” ಎಂದಳು. ಕಿರುಬ ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಒಂದು ಕೊಳ. ನೀರು ತಾನಾಗಿಯೇ ಮಾತಾಡಿತು. “ಒಂದು ಬೊಗಸೆ ಕುಡಿ. ತಮ್ಮನ ತಪ್ಪು ಮರೆತುಹೋಗುತ್ತದೆ. ಸಿಟ್ಟಿಲ್ಲದೆ ಕರೆದುಕೊಂಡು ಹೋಗು.” ಕಲ್ಲವ್ವನ ಗಂಟಲು ಒಣಗಿತ್ತು, ಎದೆಯೂ ಸುಡುತ್ತಿತ್ತು. ಬಗ್ಗಿ ಬೊಗಸೆ ತುಂಬಿಕೊಂಡಳು ಕೂಡ. ಆಗ, ಒಂದೂ ಬಿಡದಂಗ ಹೇಳಬೇಕು ಎಂದ ಮುದುಕಿಯ ಮಾತು ನೆನಪಾಯಿತು. ತಪ್ಪನ್ನು ಮರೆತರೆ ಹೇಳುವುದೇನನ್ನು? ಬೊಗಸೆ ಬಿಚ್ಚಿದಳು. ನೀರು ಹಾವಿನಂತೆ ಬುಸುಗುಟ್ಟಿ ಇಂಗಿಹೋಯಿತು.

ಮೂರನೆಯ ಬಾಗಿಲಾಚೆ ಶೂನ್ಯಕೇತುವಿನ ಮನೆ. ಅದರ ಮಾಡಿನ ತುಂಬ ಹೊದಿಸಿದ್ದದ್ದು ಅರ್ಧ ಮುರಿದ ಹುಲ್ಲುಕಡ್ಡಿಗಳು. ಅದರ ಕೆಳಗಿನ ಕತ್ತಲಲ್ಲಿ ಸಾವಿರಾರು ಜನ ಸಾಲಾಗಿ ನಿಂತಿದ್ದರು. ಯಾರಿಗೂ ಮುಖವಿರಲಿಲ್ಲ. ಇರಬೇಕಾದಲ್ಲಿ ತಿಕ್ಕಿ ತೊಳೆದ ತಟ್ಟೆಯಂಥ ಚರ್ಮ ಮಾತ್ರ. ಅವರ ನಡುವೆ ಮಂತ್ರವಾದಿ ಆರಾಮಾಗಿ ಕೂತಿದ್ದ.

“ನಿನ್ನ ತಮ್ಮನನ್ನು ಆರಿಸಿಕೋ. ತಪ್ಪಿದರೆ ನೀನೂ ಇಲ್ಲೇ ನಿಲ್ಲು” ಎಂದು ನಕ್ಕ.

ಕೂಗೋಣವೆಂದು ಕಲ್ಲವ್ವ ಬಾಯಿ ತೆರೆದಳು. ಹೆಸರು ಇರಲಿಲ್ಲ! ಅವಳ ದೇಶದಲ್ಲಿ ಹೊತ್ತು ಮುಳುಗಿತ್ತು.

ಹೆಸರಿಲ್ಲದೆಯೇ ಶುರುಮಾಡಿದಳು. “ಇವ ನನ್ನವ. ಅವ್ವ ಹೋದಾಗ ಇವನ್ನ ಬಗಲಾಗ ಹೊತ್ತು ಸಾಕೀನಿ.” ನೂರು ಜನ ಅವಳತ್ತ ತಿರುಗಿದರು. “ನನಗ ಜ್ವರ ಬಂದಾಗ ನನ್ನ ಕಾಲ ಬುಡದಾಗ ಕುಂತು ನಿದ್ದಿಗೆಟ್ಟಾನ.” ಇನ್ನೂ ನಲವತ್ತು ಜನ ತಿರುಗಿದರು. ಅಕ್ಕಂದಿರಿಗೆ, ತಮ್ಮಂದಿರಿಗೆ ಎಲ್ಲೆಡೆಯೂ ಇಂಥವು ಇರುತ್ತವಲ್ಲ. ಕಲ್ಲವ್ವ ಹಲ್ಲು ಕಚ್ಚಿದಳು. “ಒಂದೇ ಬಿಸಿಲಿಗೆ ನಾರು ತೆಗೆದ. ಹಸೀನ ಹೊಸೆದ. ನನ್ನ ಗಂಡ ಆ ಹಗ್ಗಕ್ಕ ಜೋತುಬಿದ್ದು ಸತ್ತ. ಅದನ್ನ ನಾ ಯಾವತ್ತೂ ಮರಿಯೋದಿಲ್ಲ. ಹಂಗಿದ್ರೂ ಇವ ನನ್ನವ.”

ತಿರುಗಿದ್ದವರೆಲ್ಲ ಹಿಂದಕ್ಕೆ ತಿರುಗಿದರು. ದೂರದ ಸಾಲಿನಲ್ಲಿ ಒಬ್ಬ ಮಾತ್ರ ತಲೆ ತಗ್ಗಿಸಿದ. ಕಲ್ಲವ್ವ ಓಡಿಹೋಗಿ ಅವನ ಕೈ ಹಿಡಿದಳು.

ಶೂನ್ಯಕೇತು ಎದ್ದು ಬಂದು ಒಂದು ಇಡೀ ಕಡ್ಡಿಯನ್ನು ಅವಳ ಮುಂದೆ ಚಾಚಿದ. ಅವನ ದನಿ ಬೆಣ್ಣೆಯಾಗಿತ್ತು. “ಮಾತಿನ ಮೊದಲರ್ಧ ಹೇಳಿ ಮುಗಿಸಿದೆ ತಾಯಿ. ಈಗ ಮುರಿ. ಪೂರ್ತಿ ಪದ್ಧತಿಯಲ್ಲಿ ಮುರಿದರೆ ಗಂಡ ಸತ್ತ ನೋವೂ ಇವನ ಜೊತೆಗೇ ಹೋಗುತ್ತದೆ. ನ್ಯಾಯ ನಿನ್ನ ಕಡೆಗಿದೆ.”

ನ್ಯಾಯ ನಿಜಕ್ಕೂ ಅವಳ ಕಡೆಗಿತ್ತು. ಕಲ್ಲವ್ವ ಕಡ್ಡಿಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದಳು. ಆಮೇಲೆ ಕೆಳಗಿಟ್ಟಳು.

ಮಾಡಿನಿಂದ ಒಂದು ಅರ್ಧ ಕಡ್ಡಿ ಹಾರಿಹೋಯಿತು. ಆ ತೂತಿನಿಂದ ಬಿಸಿಲಿನ ಕೋಲೊಂದು ಇಳಿದು ತಮ್ಮನ ಮೇಲೆ ಬಿತ್ತು. ಬಿದ್ದಲ್ಲಿ ಕಣ್ಣು ಮೂಡಿತು, ಮೂಗು ಮೂಡಿತು, ಬಾಯಿ ಮೂಡಿತು. “ಯಕ್ಕಾ, ನಾ ಮಾಳಿಂಗ” ಎಂದು ಅವನು ಅತ್ತ. ಅದನ್ನು ಕೇಳಿದ ಪಕ್ಕದವನು ಬಾಯಿಲ್ಲದ ಮುಖದಿಂದಲೇ, “ಅವ್ವ... ಅವ್ವ ನನ್ನಾಕಿ” ಎಂದು ಗೊಣಗಿದ. ಇನ್ನೊಂದು ಕಡ್ಡಿ ಹಾರಿತು. ಅವನಾಚೆಯವಳು ಗಂಡನ ಹೆಸರು ಹೇಳಿದಳು, ಅವನು ಹೊಡೆದದ್ದನ್ನೂ ಹೇಳಿದಳು. ಒಬ್ಬರಾದ ಮೇಲೊಬ್ಬರು ಹೇಳಿದರು. ಮಾಡು ಪೂರ್ತಿ ಬಯಲಾಯಿತು.

ಬಿಸಿಲಲ್ಲಿ ಒಂಟಿಯಾಗಿ ನಿಂತ ಶೂನ್ಯಕೇತು ಕೈಮುಗಿದ. “ಯಾರಾದರೂ ನನ್ನನ್ನೂ ನನ್ನವ ಎನ್ನಿ! ಒಬ್ಬರಾದರೂ ಅನ್ನಿ!” ಎಂದು ಬೇಡಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನ ಬಗ್ಗೆ ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ. ಅವನ ಮುಖ ಅಳಿಸಿತು, ಆಮೇಲೆ ಮೈ ಅಳಿಸಿತು. ಕೊನೆಗೆ ಬೇಡುವ ದನಿಯೂ ನಿಂತಿತು.

ಅಂದು ಹೊಂಗಿರಿಯ ಮನೆಮನೆಗಳಲ್ಲಿ ಹೆಂಗಸರು ಯಾಕೆಂದು ತಿಳಿಯದೆ ಒಂದೊಂದು ರೊಟ್ಟಿ ಹೆಚ್ಚು ತಟ್ಟಿದರು. ತಟ್ಟಿ ಮುಗಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೋದವರೆಲ್ಲ ಬಂದರು, ಬಂದವರೆಲ್ಲ ಉಂಡರು. ಜಗಳವಾಡಿದರೂ ಕೂಡಿಕೊಂಡು ಬಹುಕಾಲ ಸುಖವಾಗಿ ಬಾಳಿದರು.

ಮಾಳಿಂಗನೂ ಅಕ್ಕನ ಮುಂದೆ ಉಣ್ಣಲು ಕೂತ. ರೊಟ್ಟಿ ಮುರಿಯುವ ಮೊದಲು ಕೇಳಿದ. “ಯಕ್ಕಾ, ಅವತ್ತು ನನ್ನನ್ನ ತೊರೆಯೋವಾಗ ಕೈ ನಡುಗಲಿಲ್ಲೇನ?”

ಕಲ್ಲವ್ವ ಸುಳ್ಳು ಹೇಳಲಿಲ್ಲ. “ಇಲ್ಲಪ್ಪ. ಭಾಳ ಸಲೀಸಿತ್ತು” ಎಂದು ಅವನ ತಟ್ಟೆಗೆ ಪಲ್ಯ ಬಡಿಸಿದಳು.